ಕರೆಂಟ್ ಹೋಗಿ ಬಂದ ಮೇಲೆ ಪೋಸ್ಟ್‌ಗ್ರೆಸ್ ಏಳುತ್ತಿಲ್ಲ, ಲಾಕ್ ಫೈಲ್ ಅಳಿಸಬಹುದಾ?

ಬಂದರು_ಲೆಕ್ಕ, ಮಲ್ಪೆ | ಬೆಳಿಗ್ಗೆ 5:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಉಂಟು, ಗೊತ್ತಿದ್ದವರು ದಯವಿಟ್ಟು ಹೇಳಿ.

ಮಲ್ಪೆ ಬಂದರಿನ ಹತ್ತಿರ ಮೀನು ಖರೀದಿ ಮಾಡುವ ಒಂದು ಆಫೀಸಿನ ಲೆಕ್ಕದ ಸರ್ವರ್ ನಾನು ನೋಡಿಕೊಳ್ಳುವುದು. ಇರುವುದು ಒಂದೇ ಮೆಷಿನ್. ಲಿನಕ್ಸ್, ಡೇಟಾಬೇಸ್ ಪೋಸ್ಟ್‌ಗ್ರೆಸ್ 14. ಪ್ಯಾಕೇಜಿನಿಂದ ಹಾಕಿದ್ದಲ್ಲ, ನನಗಿಂತ ಮೊದಲು ಇದ್ದವರು ಸೋರ್ಸ್‌ನಿಂದ ಕಂಪೈಲ್ ಮಾಡಿ ಹಾಕಿ ಹೋಗಿದ್ದಾರೆ. ಬೂಟ್ ಆಗುವಾಗ ಒಂದು ಸಣ್ಣ ಸ್ಕ್ರಿಪ್ಟ್ ಪಿಜಿ_ಸಿಟಿಎಲ್ (ಡೇಟಾಬೇಸ್ ಏಳಿಸುವ, ನಿಲ್ಲಿಸುವ ಕಮಾಂಡ್) ಸ್ಟಾರ್ಟ್ ಕೊಡುತ್ತದೆ, ಅಷ್ಟೇ. ಇಷ್ಟು ದಿನ ತೊಂದರೆ ಇರಲಿಲ್ಲ.

ನಿನ್ನೆ ರಾತ್ರಿ ಸಿಡಿಲು ಜೋರಿತ್ತು, ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಹಳೆಯದು, ಐದು ನಿಮಿಷ ಕೂಡ ಹಿಡಿಯಲಿಲ್ಲ, ಮೆಷಿನ್ ದಪ್ಪ ಅಂತ ಆಫ್ ಆಗಿದೆ. ಬೆಳಿಗ್ಗೆ ನಾಲ್ಕಕ್ಕೆ ಕರೆಂಟ್ ಬಂತು, ಮೆಷಿನ್ ತಾನಾಗಿ ಎದ್ದಿತು, ಆದರೆ ಡೇಟಾಬೇಸ್ ಏಳಲಿಲ್ಲ. ಲಾಗ್‌ನಲ್ಲಿ ಇಷ್ಟೇ ಉಂಟು:

‘ಫೇಟಲ್: ಲಾಕ್ ಫೈಲ್ "ಪೋಸ್ಟ್‌ಮಾಸ್ಟರ್.ಪಿಐಡಿ" ಆಲ್ರೆಡಿ ಎಕ್ಸಿಸ್ಟ್ಸ್. ಹಿಂಟ್: ಈಸ್ ಅನದರ್ ಪೋಸ್ಟ್‌ಮಾಸ್ಟರ್ (ಪಿಐಡಿ 1187) ರನ್ನಿಂಗ್ ಇನ್ ಡೇಟಾ ಡೈರೆಕ್ಟರಿ?’

(ಪೋಸ್ಟ್‌ಮಾಸ್ಟರ್ ಅಂದರೆ ಡೇಟಾಬೇಸಿನ ಮುಖ್ಯ ಪ್ರೋಸೆಸ್, ಪಿಐಡಿ ಅಂದರೆ ಪ್ರೋಸೆಸಿನ ನಂಬರು. ಒಂದು ಡೇಟಾ ಡೈರೆಕ್ಟರಿಗೆ ಎರಡು ಸರ್ವರ್ ಏಳದ ಹಾಗೆ ಆ ನಂಬರು ಬರೆದಿಡುವುದೇ ಈ ಲಾಕ್ ಫೈಲ್.) ವಿಚಿತ್ರ ಏನೆಂದರೆ, ಪಿಜಿ_ಸಿಟಿಎಲ್ ಸ್ಟೇಟಸ್ ಕೇಳಿದರೆ ‘ಸರ್ವರ್ ಓಡುತ್ತಿದೆ, ಪಿಐಡಿ 1187’ ಅಂತ ಹೇಳುತ್ತದೆ. ಆದರೆ ಪಿಎಸ್‌ಕ್ಯೂಎಲ್‌ನಿಂದ ಕನೆಕ್ಟ್ ಆಗುವುದೇ ಇಲ್ಲ. ಎರಡು ಸಲ ರೀಬೂಟ್ ಮಾಡಬೇಕು ಅಂತ ಕಂಡಿತು, ಮಾಡಿಲ್ಲ. ಆ ಫೈಲ್ ಅಳಿಸಿದರೆ ಸರಿಯಾಗುತ್ತದೆ ಅಂತ ಎಲ್ಲ ಕಡೆ ಬರೆದಿದ್ದಾರೆ, ಆದರೆ ಕೈ ಹೋಗುತ್ತಿಲ್ಲ. ಜುಲೈ 31ಕ್ಕೆ ಮೀನುಗಾರಿಕೆ ರಜೆ ಮುಗಿದು ಬೋಟುಗಳು ಇಳಿದದ್ದೇ ಈಗ. ಪ್ರತಿ ಬೋಟಿನ ಮುಂಗಡ, ಡೀಸೆಲ್, ಐಸ್, ಎಷ್ಟು ಬಾಕ್ಸ್ ಬಂಗುಡೆ ಎಷ್ಟು ರೇಟು, ಎಲ್ಲ ಇದರಲ್ಲೇ ಇರುವುದು. ಈಗ ಹುಡುಗರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾರೆ. ಧಣಿಗಳು ಆಗಲೇ ಎರಡು ಸಲ ಫೋನ್ ಮಾಡಿದರು.

ಅಳಿಸಬಹುದಾ? ಅಳಿಸಿದರೆ ಡೇಟಾಕ್ಕೆ ಏನಾದರೂ ಆಗುತ್ತದಾ?

ನೆಟ್‌ವರ್ಕ್_ಉಡುಪಿ | 5:52

ಅಳಿಸಿ ಮಾರಾಯ್ರೆ, ಎಂತ ಆಗುವುದಿಲ್ಲ. ಕರೆಂಟ್ ಹೋದಾಗ ಇದು ಆಗುತ್ತಾ ಇರುತ್ತದೆ. ನಾನು ನೋಡಿಕೊಳ್ಳುವ ಎರಡು ಕಡೆ ಸ್ಟಾರ್ಟ್ ಸ್ಕ್ರಿಪ್ಟ್‌ನಲ್ಲೇ ಮೊದಲ ಸಾಲು ಆ ಫೈಲ್ ಅಳಿಸುವುದು. ವರ್ಷಗಳಿಂದ ಓಡುತ್ತಾ ಉಂಟು.

ಕದ್ರಿ_ಡಿಬಿಎ, ಮಂಗಳೂರು | 6:10

@ಬಂದರು_ಲೆಕ್ಕ, ಈಗಲೇ ಅಳಿಸಬೇಡಿ, ಐದು ನಿಮಿಷ ಕೊಡಿ. ರೀಬೂಟ್ ಮಾಡದೆ ಇದ್ದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಕಾರಣ ಸಿಗುತ್ತಿರಲಿಲ್ಲ. ಪಿಜಿ_ಸಿಟಿಎಲ್ ಸ್ಟಾಪ್ ಕೂಡ ಕೊಡಬೇಡಿ, ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಮೊದಲು ಆ ಹಿಂಟ್ ಇನ್ನೊಮ್ಮೆ ಓದಿ. ಅದು ‘ಫೈಲ್ ತೆಗೆ’ ಅಂತ ಹೇಳುತ್ತಿಲ್ಲ. 1187 ಅಂತ ಒಂದು ಪ್ರೋಸೆಸ್ ಇದೆಯಲ್ಲ, ಅದು ಇದೇ ಡೇಟಾ ಡೈರೆಕ್ಟರಿಯ ಇನ್ನೊಂದು ಸರ್ವರಾ ಅಂತ ನಿಮ್ಮನ್ನು ಕೇಳುತ್ತಿದೆ. ಅದಕ್ಕೆ ಉತ್ತರ ಸಿಗುವ ತನಕ ಫೈಲ್ ಮುಟ್ಟುವ ಹಾಗಿಲ್ಲ.

ಸಾಮಾನ್ಯವಾಗಿ ಕರೆಂಟ್ ಹೋಗಿ ಫೈಲ್ ಉಳಿದರೆ ಪೋಸ್ಟ್‌ಗ್ರೆಸ್ ತಾನೇ ಅದನ್ನು ತೆಗೆದು ಹಾಕುತ್ತದೆ. ಏಳುವಾಗ ಫೈಲಿನ ಮೊದಲ ಸಾಲಿನ ಪಿಐಡಿ ಓದುತ್ತದೆ, ಆ ನಂಬರಿಗೆ ಸಿಗ್ನಲ್ ಸೊನ್ನೆ ಕಳಿಸಿ ನೋಡುತ್ತದೆ. ಸಿಗ್ನಲ್ ಸೊನ್ನೆ ಯಾರನ್ನೂ ಕೊಲ್ಲುವುದಿಲ್ಲ, ಬದುಕಿದ್ದೀಯಾ ಅಂತ ಕೇಳುವುದು ಅಷ್ಟೇ. ಅಂಥ ಪ್ರೋಸೆಸ್ ಇಲ್ಲ ಅಂತ ಕರ್ನಲ್ (ಲಿನಕ್ಸಿನ ತಿರುಳು) ಹೇಳಿದರೆ ಫೈಲ್ ಹಳೆಯದು. ಪ್ರೋಸೆಸ್ ಉಂಟು, ಆದರೆ ಬೇರೆ ಯೂಸರಿನದು, ನಿನಗೆ ಪರ್ಮಿಶನ್ ಇಲ್ಲ ಅಂತ ಹೇಳಿದರೂ ಫೈಲ್ ಹಳೆಯದೇ, ಯಾಕೆಂದರೆ ಬೇರೆ ಯೂಸರ್ ಈ ಡೇಟಾ ಡೈರೆಕ್ಟರಿಯಲ್ಲಿ ಸರ್ವರ್ ಓಡಿಸಲಿಕ್ಕೆ ಸಾಧ್ಯವಿಲ್ಲ. ತನ್ನದೇ ಪಿಐಡಿ, ತನ್ನ ಅಪ್ಪನದು (ತನ್ನನ್ನು ಏಳಿಸಿದ ಪ್ರೋಸೆಸ್), ಅಜ್ಜನದು ಆದರೂ ಬಿಟ್ಟುಬಿಡುತ್ತದೆ. ಬೂಟ್ ಹೊತ್ತಿನಲ್ಲಿ ಹಳೆ ನಂಬರು ಸ್ಟಾರ್ಟ್ ಸ್ಕ್ರಿಪ್ಟ್‌ಗೇ ಬಂದುಬಿಡುವ ಸಂಭವ ಇರುವುದರಿಂದ ಬರೆದವರು ಅಷ್ಟೂ ಯೋಚಿಸಿ ಹಾಕಿದ್ದಾರೆ.

ಹಾಗಾದರೆ ನಿಮ್ಮದು ಯಾಕೆ ನಿಂತಿತು? ಎರಡೇ ದಾರಿ. ಒಂದು, ನಿಜವಾಗಿಯೂ ಸರ್ವರ್ ಓಡುತ್ತಿದೆ. ಎರಡು, ಪೋಸ್ಟ್‌ಗ್ರೆಸ್ ಯೂಸರಿನ ಹೆಸರಿನಲ್ಲೇ ಓಡುವ ಬೇರೆ ಯಾವುದೋ ಪ್ರೋಸೆಸ್‌ಗೆ 1187 ಸಿಕ್ಕಿದೆ. ನನಗೆ ಎರಡನೆಯದರ ಮೇಲೆಯೇ ಅನುಮಾನ. ಬೂಟ್ ಆಗುವಾಗ ಪ್ರತಿ ಸಲ ಹೆಚ್ಚು ಕಡಿಮೆ ಅದೇ ಕೆಲಸಗಳು ಅದೇ ಕ್ರಮದಲ್ಲಿ ನಡೆಯುತ್ತವೆ, ಹಾಗಾಗಿ ನಂಬರುಗಳೂ ಹತ್ತಿರ ಹತ್ತಿರವೇ ಬೀಳುತ್ತವೆ. ಕಳೆದ ಸಲ ಬೂಟ್‌ನಲ್ಲಿ ಡೇಟಾಬೇಸಿಗೆ ಸಿಕ್ಕಿದ ನಂಬರು ಈ ಸಲ ಪಕ್ಕದವನಿಗೆ ಸಿಕ್ಕಿರುವುದು ದೊಡ್ಡ ಆಶ್ಚರ್ಯ ಅಲ್ಲ.

ಹೀಗೆ ನೋಡಿ. ಪಿಎಸ್ (ಓಡುವ ಪ್ರೋಸೆಸ್‌ಗಳ ಪಟ್ಟಿ) ಕೊಟ್ಟು 1187 ಯಾರು, ಯಾರ ಹೆಸರಲ್ಲಿ, ಎಂತ ಕಮಾಂಡ್ ಅಂತ ನೋಡಿ. ಆಮೇಲೆ ಪ್ರೋಕ್ ಡೈರೆಕ್ಟರಿಯ ಒಳಗೆ 1187ರ ಸಿಡಬ್ಲ್ಯುಡಿ (ಅದು ಕೂತಿರುವ ಡೈರೆಕ್ಟರಿ) ಎಲ್ಲಿಗೆ ತೋರಿಸುತ್ತದೆ ನೋಡಿ. ಪೋಸ್ಟ್‌ಮಾಸ್ಟರ್ ಯಾವಾಗಲೂ ಡೇಟಾ ಡೈರೆಕ್ಟರಿಯ ಒಳಗೇ ಕೂತಿರುತ್ತದೆ, ಬೇರೆ ಕಡೆ ತೋರಿಸಿದರೆ ಅದು ಪೋಸ್ಟ್‌ಮಾಸ್ಟರ್ ಅಲ್ಲ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಆ ಪಿಐಡಿ ಫೈಲನ್ನು (ಅದೇ ಲಾಕ್ ಫೈಲ್) ಕ್ಯಾಟ್ ಮಾಡಿ, ಅಂದರೆ ತೆರೆದು, ನೋಡಿ. ಮೊದಲ ಸಾಲು ಪಿಐಡಿ, ಎರಡನೆಯದು ಡೇಟಾ ಡೈರೆಕ್ಟರಿ, ಮೂರನೆಯದು ಹತ್ತು ಅಂಕಿಯ ಒಂದು ಸಂಖ್ಯೆ. ಅದು ಸರ್ವರ್ ಎದ್ದ ಹೊತ್ತು, 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ. ಆಮೇಲೆ ಪೋರ್ಟ್, ಸಾಕೆಟ್ ಇರುವ ಜಾಗ, ಲಿಸನ್ ಅಡ್ರೆಸ್, ಶೇರ್ಡ್ ಮೆಮೊರಿಯ (ಪ್ರೋಸೆಸ್‌ಗಳು ಹಂಚಿಕೊಳ್ಳುವ ಮೆಮೊರಿ) ಕೀ ಮತ್ತು ಐಡಿ. ಆವೃತ್ತಿ 10ರಿಂದ ಕೊನೆಗೆ ಎಂಟನೇ ಸಾಲು ಕೂಡ ಉಂಟು, ರೆಡಿ, ಸ್ಟಾರ್ಟಿಂಗ್, ಸ್ಟಾಪಿಂಗ್ ಅಂತ ಸ್ಥಿತಿ ಹೇಳುತ್ತದೆ. ಮೂರನೇ ಸಾಲಿನ ಸಂಖ್ಯೆಯನ್ನು ಡೇಟ್ ಕಮಾಂಡ್‌ಗೆ ಕೊಟ್ಟು ದಿನಾಂಕ ಮಾಡಿಕೊಳ್ಳಿ, ಪಕ್ಕದಲ್ಲಿ ಮೆಷಿನ್ ಯಾವಾಗ ಬೂಟ್ ಆಯಿತು ಅಂತ ಅಪ್‌ಟೈಮ್‌ನಲ್ಲಿ ನೋಡಿ. ಫೈಲ್ ಬೂಟ್‌ಗಿಂತ ಮೊದಲಿನದಾದರೆ ಅದನ್ನು ಬರೆದ ಸರ್ವರ್ ಈಗ ಬದುಕಿರಲಿಕ್ಕೆ ಸಾಧ್ಯವೇ ಇಲ್ಲ. ಬೋರ್ಡಿನ ಬ್ಯಾಟರಿ ಹೋಗಿ ಗಡಿಯಾರ ತಪ್ಪಿದ್ದರೆ ಮಾತ್ರ ಇದನ್ನು ನಂಬಬೇಡಿ. ನಮ್ಮ ಕಡಲ ಬದಿಯ ಉಪ್ಪು ಗಾಳಿಗೆ ಹಳೆ ಬೋರ್ಡುಗಳು ಬೇಗ ಹಾಳಾಗುತ್ತವೆ, ಅದಕ್ಕೆ ಹೇಳಿದ್ದು.

ಸ್ಟೇಟಸ್ ‘ಓಡುತ್ತಿದೆ’ ಅಂದದ್ದು ಯಾಕೆ ಗೊತ್ತಾ? ಪಿಜಿ_ಸಿಟಿಎಲ್ ನೋಡುವುದು ಆ ನಂಬರಿನ ಪ್ರೋಸೆಸ್ ಬದುಕಿದೆಯಾ ಅಂತ ಮಾತ್ರ. ಅದು ಪೋಸ್ಟ್‌ಗ್ರೆಸ್ ಹೌದಾ ಅಂತ ನೋಡುವುದಿಲ್ಲ. ಸ್ಟಾಪ್ ಕೊಟ್ಟರೆ ಸಿಗ್ನಲ್ ಕೂಡ ಅದೇ ನಂಬರಿಗೆ ಹೋಗುತ್ತದೆ. ಯಾರು ಅಂತ ಗೊತ್ತಿಲ್ಲದ ಪ್ರೋಸೆಸ್‌ಗೆ ಸಿಗ್ನಲ್ ಕಳಿಸುವುದು ಬೇಡ.

@ನೆಟ್‌ವರ್ಕ್_ಉಡುಪಿ, ಬೇಜಾರು ಮಾಡಿಕೊಳ್ಳಬೇಡಿ ಸರ್, ಆದರೆ ಸ್ಕ್ರಿಪ್ಟ್‌ನಲ್ಲಿ ಅಳಿಸುವ ಸಾಲು ಇಡುವುದು ನಿಜವಾಗಿ ಅಪಾಯ. ಇಷ್ಟು ವರ್ಷ ಏನೂ ಆಗಲಿಲ್ಲ ಅಂದರೆ ಆ ಸ್ಕ್ರಿಪ್ಟ್ ಸರ್ವರ್ ಓಡುತ್ತಿರುವಾಗ ಇನ್ನೂ ಓಡಿಲ್ಲ ಅಂತ ಅಷ್ಟೇ. ಯಾರಾದರೂ ಗೊತ್ತಾಗದೆ ಎರಡನೇ ಸಲ ಓಡಿಸಿದ ದಿನ, ಒಂದೇ ಡೇಟಾ ಡೈರೆಕ್ಟರಿಗೆ ಎರಡು ಸರ್ವರ್ ಬರೆಯಲಿಕ್ಕೆ ದಾರಿ ಮಾಡಿಕೊಟ್ಟ ಹಾಗೆ ಆಗುತ್ತದೆ. ಹಾಗೆ ಹಾಳಾದ ಟೇಬಲ್‌ಗಳು ಆವತ್ತೇ ಗೊತ್ತಾಗುವುದೂ ಇಲ್ಲ.

ಬಂದರು_ಲೆಕ್ಕ, ಮಲ್ಪೆ | 6:34

ಕದ್ರಿ ಅಣ್ಣ, ನೀವು ಹೇಳಿದ್ದು ಸರಿಯಾಗಿಯೇ ಉಂಟು! ನೋಡಿದೆ.

1187 ಪೋಸ್ಟ್‌ಗ್ರೆಸ್ ಅಲ್ಲವೇ ಅಲ್ಲ. ಅದೊಂದು ಶೆಲ್ ಸ್ಕ್ರಿಪ್ಟ್. ರಾತ್ರಿಯ ಬ್ಯಾಕಪ್ ತಪ್ಪಿದ್ದರೆ ಬೆಳಿಗ್ಗೆ ಪೆನ್‌ಡ್ರೈವ್‌ಗೆ ಕಾಪಿ ಮಾಡಲಿ ಅಂತ ನಾನೇ ಕಳೆದ ತಿಂಗಳು ಬರೆದದ್ದು. ಕ್ರಾನ್‌ನಲ್ಲಿ ಪ್ರತಿ ರೀಬೂಟ್‌ಗೆ ಓಡುವ ಹಾಗೆ ಹಾಕಿದ್ದೆ, ಪೋಸ್ಟ್‌ಗ್ರೆಸ್ ಯೂಸರಿನ ಹೆಸರಿನಲ್ಲೇ. ಪಾಸ್‌ವರ್ಡ್ ಕೇಳುವುದಿಲ್ಲ, ಸುಲಭ ಅಂತ. ಅದು ಮಾಡುವುದು ಎಂತ ಅಂದರೆ, ಡೇಟಾಬೇಸ್ ಎದ್ದಿದೆಯಾ ನೋಡುತ್ತದೆ, ಇಲ್ಲದಿದ್ದರೆ ಹತ್ತು ಸೆಕೆಂಡ್ ಮಲಗುತ್ತದೆ, ಪುನಃ ನೋಡುತ್ತದೆ. ಈಗ ಡೇಟಾಬೇಸ್ ಏಳಲಿ ಅಂತ ಸ್ಕ್ರಿಪ್ಟ್ ಕಾಯುತ್ತಿದೆ, ಸ್ಕ್ರಿಪ್ಟ್ ಹೋಗಲಿ ಅಂತ ಡೇಟಾಬೇಸ್ ಕಾಯುತ್ತಿದೆ. ಎರಡು ಗಂಟೆಯಿಂದ ಹೀಗೇ.

ಫೈಲಿನ ಮೂರನೇ ಸಾಲು ಲೆಕ್ಕ ಹಾಕಿದರೆ ಹದಿಮೂರು ದಿನ ಹಿಂದಿನ ಹೊತ್ತು. ಮೆಷಿನ್ ಬೂಟ್ ಆದದ್ದು ಇವತ್ತು 4:06ಕ್ಕೆ. ಗಡಿಯಾರ ಸರಿ ಉಂಟು, ಮೊಬೈಲ್ ಜೊತೆ ಹೋಲಿಸಿ ನೋಡಿದೆ. ಎಂಟನೇ ಸಾಲಿನಲ್ಲಿ ಈಗಲೂ ‘ರೆಡಿ’ ಅಂತಲೇ ಉಂಟು, ನೋಡಿ ಹೊಟ್ಟೆ ಚುರುಕ್ ಅಂದಿತು.

ಈಗ ಫೈಲ್ ತೆಗೆಯಲಾ?

ಕದ್ರಿ_ಡಿಬಿಎ, ಮಂಗಳೂರು | 6:39

ಫೈಲ್ ಮುಟ್ಟುವುದೇ ಬೇಡ. ಆ ಸ್ಕ್ರಿಪ್ಟನ್ನು ನಿಲ್ಲಿಸಿ, ಸಾದಾ ಕಿಲ್ ಸಾಕು. ಆಮೇಲೆ ಪೋಸ್ಟ್‌ಗ್ರೆಸ್ ಯೂಸರಿನದು ಇನ್ನೇನೂ ಓಡುತ್ತಿಲ್ಲ ಅಂತ ಒಮ್ಮೆ ಪಿಎಸ್ ನೋಡಿ, ಸ್ಟಾರ್ಟ್ ಕೊಡಿ. 1187 ಇಲ್ಲ ಅಂತ ಕರ್ನಲ್ ಹೇಳಿದ ತಕ್ಷಣ ಪೋಸ್ಟ್‌ಗ್ರೆಸ್ ತಾನೇ ಫೈಲ್ ತೆಗೆದು ಹೊಸದು ಬರೆದುಕೊಳ್ಳುತ್ತದೆ.

ಎದ್ದ ಮೇಲೆ ಲಾಗ್‌ನಲ್ಲಿ ‘ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ, ಆಟೋಮ್ಯಾಟಿಕ್ ರಿಕವರಿ ನಡೆಯುತ್ತಿದೆ’ ಅಂತ ಅರ್ಥದ ಸಾಲು ಬರುತ್ತದೆ, ಹೆದರಬೇಡಿ. ಕೊನೆಯ ಚೆಕ್‌ಪಾಯಿಂಟ್‌ನಿಂದ (ಎಲ್ಲ ಬದಲಾವಣೆ ಡಿಸ್ಕಿಗೆ ಇಳಿಸಿದ ಹೊತ್ತು) ಈಚೆಗಿನ ವಾಲ್ (ಬದಲಾವಣೆಗಳನ್ನು ಮೊದಲು ಬರೆದಿಡುವ ಲಾಗ್) ಓದಿ ಬದಲಾವಣೆಗಳನ್ನು ಪುನಃ ಹಾಕುತ್ತದೆ. ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಚೆಕ್‌ಪಾಯಿಂಟ್ 5 ನಿಮಿಷಕ್ಕೊಮ್ಮೆ, ಹಾಗಾಗಿ ನಿಮ್ಮ ಸೈಜಿಗೆ ಜಾಸ್ತಿ ಹೊತ್ತು ಹಿಡಿಯುವುದಿಲ್ಲ. ಆ ಹೊತ್ತಿನಲ್ಲಿ ಕನೆಕ್ಟ್ ಮಾಡಿದರೆ ‘ಡೇಟಾಬೇಸ್ ಸಿಸ್ಟಮ್ ಸ್ಟಾರ್ಟ್ ಆಗುತ್ತಿದೆ’ ಅಂತ ಹೇಳಿ ವಾಪಸ್ ಕಳಿಸುತ್ತದೆ. ಕಾಯಿರಿ. ದಯವಿಟ್ಟು ಕಿಲ್ -9 (ಬಲವಂತದಿಂದ ಕೊಲ್ಲುವುದು) ಹೊಡೆಯಬೇಡಿ. ಪಿಜಿ_ರೀಸೆಟ್‌ವಾಲ್ (ಆ ವಾಲನ್ನೇ ಅಳಿಸಿ ಹೊಸದು ಮಾಡುವ ಕಮಾಂಡ್) ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ, ಅದು ಬೇರೆ ಯಾವ ದಾರಿಯೂ ಇಲ್ಲದಾಗ ಮುಟ್ಟುವ ವಸ್ತು.

ಬಂದರು_ಲೆಕ್ಕ, ಮಲ್ಪೆ | 6:47

ಎದ್ದಿತು!! ರಿಕವರಿಗೆ ಇಪ್ಪತ್ತು ಸೆಕೆಂಡ್ ಕೂಡ ಆಗಲಿಲ್ಲ. ನಿನ್ನೆ ಕರೆಂಟ್ ಹೋಗುವ ಎರಡು ನಿಮಿಷ ಮೊದಲು ಹಾಕಿದ ಒಂದು ಐಸ್ ಬಿಲ್ ಉಂಟು, ಅದು ಕೂಡ ಹಾಗೇ ಇದೆ. ಫೈಲಿಗೆ ಕೈ ಹಾಕಲೇ ಇಲ್ಲ, ಈಗ ಕ್ಯಾಟ್ ಮಾಡಿದರೆ ಮೊದಲ ಸಾಲಿನಲ್ಲಿ ಹೊಸ ನಂಬರು.

ತುಂಬಾ ಉಪಕಾರ ಆಯಿತು ಅಣ್ಣ. ಹುಡುಗರು ಪುಸ್ತಕದಲ್ಲಿ ಬರೆದ ಹತ್ತೊಂಬತ್ತು ಬೋಟಿನ ಲೆಕ್ಕ ಈಗ ಟೈಪ್ ಮಾಡುತ್ತಿದ್ದಾರೆ. ಬ್ಯಾಕಪ್ ಸ್ಕ್ರಿಪ್ಟಿಗೆ ಬೇರೆ ಯೂಸರ್ ಮಾಡುತ್ತೇನೆ, ಸಂಜೆ ಬೋಟಿನ ಗಡಿಬಿಡಿ ಮುಗಿದ ಮೇಲೆ.

ಕದ್ರಿ_ಡಿಬಿಎ, ಮಂಗಳೂರು | 6:55

ಅದೇ ಮಾಡಬೇಕಾದ್ದು. ಪೋಸ್ಟ್‌ಗ್ರೆಸ್ ಯೂಸರಿನ ಹೆಸರಿನಲ್ಲಿ ಪೋಸ್ಟ್‌ಗ್ರೆಸ್ ಬಿಟ್ಟು ಬೇರೆ ಯಾವುದೂ ಬೂಟ್‌ನಲ್ಲಿ ಏಳಬಾರದು. ಬೇರೆ ಯೂಸರ್ ಆದರೆ ಅದೇ ನಂಬರು ಸಿಕ್ಕಿದರೂ ತೊಂದರೆ ಇಲ್ಲ. ಸಾಧ್ಯವಾದರೆ ಸ್ಟಾರ್ಟ್ ಸ್ಕ್ರಿಪ್ಟ್ ಬಿಟ್ಟು ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಏಳಿಸುವ ವ್ಯವಸ್ಥೆ) ಯೂನಿಟ್ ಮಾಡಿ, ಬ್ಯಾಕಪ್‌ನದ್ದು ಡೇಟಾಬೇಸ್ ಎದ್ದ ಮೇಲೆ ಮಾತ್ರ ಓಡಲಿ. ಯುಪಿಎಸ್ ಬ್ಯಾಟರಿ ಮೊದಲು ಬದಲಿಸಿ, ಬ್ಯಾಟರಿ ಇಳಿಯುವಾಗ ಮೆಷಿನ್ ತಾನೇ ಶಟ್‌ಡೌನ್ ಆಗುವ ಹಾಗೆ ಯುಎಸ್‌ಬಿ ವಯರ್ ಹಾಕಿ ಇಡಿ.

ಕಂಟೇನರ್_ಮಣಿಪಾಲ್ | 9:20

ಈ ಥ್ರೆಡ್ ನೋಡಿ ನನಗೆ ಒಂದು ಡೌಟ್ ಬಂತು. ನಮ್ಮಲ್ಲಿ ಪೋಸ್ಟ್‌ಗ್ರೆಸ್ ಡಾಕರ್ ಒಳಗೆ, ಅಂದರೆ ಮೆಷಿನ್‌ನಲ್ಲೇ ಪ್ರತ್ಯೇಕ ಮಾಡಿಟ್ಟ ಕಂಟೇನರ್‌ನಲ್ಲಿ ಓಡುತ್ತದೆ. ಕಂಟೇನರ್ ಒಳಗೆ ಪಿಐಡಿ ಯಾವಾಗಲೂ 1. ಕರೆಂಟ್ ಹೋಗಿ ಬಂದರೂ ನಮಗೆ ಒಮ್ಮೆಯೂ ಈ ಎರರ್ ಬಂದಿಲ್ಲ. ಅಂದರೆ ಡಾಕರ್ ಜಾಸ್ತಿ ಸೇಫ್ ಅಂತ ಆಯಿತಾ?

ಕದ್ರಿ_ಡಿಬಿಎ, ಮಂಗಳೂರು | 9:48

ಇಲ್ಲ, ಈ ವಿಷಯದಲ್ಲಿ ಜಾಸ್ತಿ ಹುಷಾರಾಗಿರಬೇಕು. ಎರರ್ ಯಾಕೆ ಬರುವುದಿಲ್ಲ? ಫೈಲಿನಲ್ಲಿ 1 ಅಂತ ಉಂಟು, ಹೊಸದಾಗಿ ಎದ್ದ ಸರ್ವರಿನದೂ 1. ನನ್ನದೇ ನಂಬರು, ಹಾಗಾದರೆ ಹಳೆ ಫೈಲ್ ಅಂತ ದಾಟಿ ಹೋಗುತ್ತದೆ. ಒಂದೇ ಕಂಟೇನರ್ ಇರುವಾಗ ಅದು ಸರಿ.

ಈಗ ಯಾರೋ ಹಳೆ ಕಂಟೇನರ್ ನಿಲ್ಲಿಸದೆ ಅದೇ ವಾಲ್ಯೂಮ್‌ಗೆ (ಡೇಟಾ ಇಡುವ ಜಾಗ) ಇನ್ನೊಂದು ಕಂಟೇನರ್ ಏಳಿಸಿದರು ಅಂತ ಇಟ್ಟುಕೊಳ್ಳಿ. ಎರಡನೆಯದು ಫೈಲ್ ನೋಡುತ್ತದೆ, 1 ಅಂತ ಉಂಟು, ನನ್ನದೇ ಅಂತ ಒಳಗೆ ಬರುತ್ತದೆ. ಪಿಐಡಿ ಅಲ್ಲದೆ ಶೇರ್ಡ್ ಮೆಮೊರಿಯನ್ನೂ ಪೋಸ್ಟ್‌ಗ್ರೆಸ್ ನೋಡುತ್ತದೆ, ಆದರೆ ಕಂಟೇನರ್‌ಗಳ ಐಪಿಸಿ ನೇಮ್‌ಸ್ಪೇಸ್ (ಶೇರ್ಡ್ ಮೆಮೊರಿ ಕಾಣುವ ವ್ಯಾಪ್ತಿ) ಬೇರೆ ಬೇರೆ, ಇದರದ್ದು ಅದಕ್ಕೆ ಕಾಣುವುದಿಲ್ಲ. ಪೋಸ್ಟ್‌ಮಾಸ್ಟರ್ ನಿಮಿಷಕ್ಕೊಮ್ಮೆ ತನ್ನ ಲಾಕ್ ಫೈಲ್ ಇನ್ನೂ ತನ್ನದೇ ಹೌದಾ ಅಂತ ತೆರೆದು ನೋಡುತ್ತದೆ, ಬೇರೆ ನಂಬರು ಇದ್ದರೆ ಅಥವಾ ಫೈಲೇ ಇಲ್ಲದಿದ್ದರೆ ತಕ್ಷಣ ಶಟ್‌ಡೌನ್ ಆಗುತ್ತದೆ. ಇಲ್ಲಿ ಅದೂ ಹಿಡಿಯುವುದಿಲ್ಲ, ಎರಡೂ ಕಡೆ 1 ತಾನೇ. ಎರಡು ಸರ್ವರ್ ಒಂದೇ ಫೈಲುಗಳ ಮೇಲೆ ಆರಾಮಾಗಿ ಬರೆಯುತ್ತಾ ಹೋಗುತ್ತವೆ. ಒಂದೇ ಬೋಟಿನಲ್ಲಿ ಇಬ್ಬರು ತಾಂಡೇಲರು ಚುಕ್ಕಾಣಿ ಹಿಡಿದ ಹಾಗೆ. ಒಂದು ವಾಲ್ಯೂಮ್‌ಗೆ ಒಂದೇ ಕಂಟೇನರ್ ಅನ್ನುವುದನ್ನು ನೀವೇ ಹೊರಗಿನಿಂದ ಕಾಯಬೇಕು. ಎರಡು ಮೆಷಿನ್‌ನಿಂದ ಒಂದೇ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಹಂಚಿದ) ಡೈರೆಕ್ಟರಿ ಮೌಂಟ್ ಮಾಡಿದವರಿಗೂ ಇದೇ ಮಾತು, ಆ ಮೆಷಿನ್‌ನ ಪಿಐಡಿ ಈ ಮೆಷಿನ್‌ಗೆ ಕಾಣುವುದಿಲ್ಲ.

ಬ್ರಹ್ಮಾವರ_ವೆಬ್ | 11:15

ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲೂ ಹೀಗೇನಾ? ನನಗೆ ಒಮ್ಮೆ ‘ಅನೇಬಲ್ ಟು ಲಾಕ್ ಐಬಿಡೇಟಾ1, ಎರರ್ 11’ ಅಂತ ಬಂದಿತ್ತು. ಯಾವ ಫೈಲ್ ಅಳಿಸಬೇಕು ಅಂತ ಅರ್ಧ ದಿನ ಹುಡುಕಿದೆ.

ಕದ್ರಿ_ಡಿಬಿಎ, ಮಂಗಳೂರು | 12:02

ಅಳಿಸುವ ಫೈಲೇ ಇಲ್ಲ ಅಲ್ಲಿ. ಐಬಿಡೇಟಾ1 ನಿಮ್ಮ ಡೇಟಾ, ಅದನ್ನಂತೂ ಮುಟ್ಟಲೇಬಾರದು. ಇನ್ನೋಡಿಬಿ (ಮೈಎಸ್‌ಕ್ಯೂಎಲ್‌ನಲ್ಲಿ ಡೇಟಾ ಇಡುವ ಭಾಗ) ಆ ಫೈಲಿನ ಮೇಲೆ ಕರ್ನಲ್‌ನಿಂದಲೇ ಲಾಕ್ ತೆಗೆದುಕೊಳ್ಳುತ್ತದೆ. ಪ್ರೋಸೆಸ್ ಸತ್ತರೆ ಕರ್ನಲ್ ಲಾಕ್ ಬಿಟ್ಟುಬಿಡುತ್ತದೆ, ಹಳಸಿ ಉಳಿಯುವ ಪ್ರಶ್ನೆಯೇ ಇಲ್ಲ. ಹಾಗಾಗಿ ಎರರ್ 11 ಬಂದರೆ ಇನ್ನೊಂದು ಮೈಎಸ್‌ಕ್ಯೂಎಲ್‌ಡಿ (ಅದರ ಸರ್ವರ್ ಪ್ರೋಸೆಸ್) ನಿಜವಾಗಿಯೂ ಬದುಕಿದೆ ಅಂತ ಅರ್ಥ, ಅದನ್ನು ಹುಡುಕಬೇಕು. ಹೆಚ್ಚಾಗಿ ಅದು ಇನ್ನೂ ಶಟ್‌ಡೌನ್ ಆಗುತ್ತಾ ಇರುತ್ತದೆ, ನಾವು ಅವಸರ ಮಾಡಿ ಸ್ಟಾರ್ಟ್ ಕೊಟ್ಟಿರುತ್ತೇವೆ.

ಪೋಸ್ಟ್‌ಗ್ರೆಸ್ ಯಾಕೆ ಹಾಗೆ ಮಾಡುವುದಿಲ್ಲ ಅಂತ ಕೇಳಬಹುದು. ಅಲ್ಲಿ ಪ್ರತಿ ಕನೆಕ್ಷನ್‌ಗೆ ಬೇರೆ ಪ್ರೋಸೆಸ್, ಅವೆಲ್ಲ ಪೋಸ್ಟ್‌ಮಾಸ್ಟರ್‌ನ ಮಕ್ಕಳು. ಪೋಸ್ಟ್‌ಮಾಸ್ಟರ್ ಸತ್ತರೂ ಮಕ್ಕಳು ಸ್ವಲ್ಪ ಹೊತ್ತು ಬದುಕಿದ್ದು ಬರೆಯುತ್ತಿರಬಹುದು, ಆದರೆ ಅಂಥ ಕರ್ನಲ್ ಲಾಕ್ ಅಪ್ಪನಿಂದ ಮಕ್ಕಳಿಗೆ ಬರುವುದಿಲ್ಲ, ಅಪ್ಪ ಸತ್ತ ತಕ್ಷಣ ಬಿಟ್ಟುಹೋಗುತ್ತದೆ. ಶೇರ್ಡ್ ಮೆಮೊರಿಯ ಹಿಡಿತ ಮಾತ್ರ ಮಕ್ಕಳಿಗೂ ಬರುತ್ತದೆ. 2013ರ 9.3 ಆವೃತ್ತಿಯಿಂದ ದೊಡ್ಡ ಮೆಮೊರಿಯನ್ನೆಲ್ಲ ಬೇರೆ ರೀತಿ ತೆಗೆದುಕೊಳ್ಳುತ್ತಾರೆ, ಆದರೂ ನೂರು ಬೈಟ್ ಕೂಡ ಇಲ್ಲದ ಒಂದು ಹಳೆ ಶೈಲಿಯ ತುಂಡನ್ನು ಇಟ್ಟುಕೊಂಡಿದ್ದಾರೆ. ಅದನ್ನು ಯಾರಾದರೂ ಇನ್ನೂ ಹಿಡಿದಿದ್ದಾರಾ ಅಂತ ನೋಡುವುದೇ ಅದರ ಮುಖ್ಯ ಕೆಲಸ. ಪೋಸ್ಟ್‌ಮಾಸ್ಟರ್‌ಗೆ ಕಿಲ್ -9 ಹೊಡೆದ ಮೇಲೆ ‘ಹಳೆ ಶೇರ್ಡ್ ಮೆಮೊರಿ ಬ್ಲಾಕ್ ಇನ್ನೂ ಬಳಕೆಯಲ್ಲಿದೆ’ ಅಂತ ಎರರ್ ಬಂದರೆ ಮಕ್ಕಳು ಉಳಿದಿದ್ದಾರೆ ಅಂತ ತಿಳಿಯಿರಿ. ಆಗ ಪಿಐಡಿ ಫೈಲ್ ತೆಗೆಯುವುದು ತುಂಬಾ ಕೆಟ್ಟ ಕೆಲಸ.

ನೆಟ್‌ವರ್ಕ್_ಉಡುಪಿ | 1:30

ಓದಿದೆ. ಎರಡೂ ಕಡೆಯ ಸ್ಕ್ರಿಪ್ಟ್‌ನಿಂದ ಆ ಸಾಲು ಈಗಲೇ ತೆಗೆದೆ. ಒಂದು ಪ್ರಶ್ನೆ ಉಳಿಯಿತು. ಆ ಸಾಲು ಹಾಕಲಿಕ್ಕೆ ಕಾರಣ ಇತ್ತು, ಒಮ್ಮೆ ಕರೆಂಟ್ ಹೋದಾಗ ಫೈಲ್ ಇತ್ತು, ಆದರೆ ಒಳಗೆ ಪೂರ್ತಿ ಖಾಲಿ. ನಂಬರೇ ಇಲ್ಲದಿದ್ದರೆ ಅದು ಯಾರನ್ನು ಕೇಳುತ್ತದೆ?

ಕದ್ರಿ_ಡಿಬಿಎ, ಮಂಗಳೂರು | 2:05

ಒಳ್ಳೆ ಪ್ರಶ್ನೆ ಸರ್. ಆಗ ಅದು ಲಾಕ್ ಫೈಲ್ ಖಾಲಿ ಇದೆ, ಇನ್ನೊಂದು ಸರ್ವರ್ ಈಗಷ್ಟೇ ಏಳುತ್ತಿದೆ ಅಥವಾ ಹಿಂದೆ ಏಳುವಾಗ ಬಿದ್ದದ್ದರ ಉಳಿಕೆ ಇದು ಅಂತ ಹೇಳಿ ನಿಲ್ಲುತ್ತದೆ, ತಾನಾಗಿ ತೆಗೆಯುವುದಿಲ್ಲ. ಇಲ್ಲಿ ಮಾತ್ರ ಕೈಯಿಂದ ತೆಗೆಯಬೇಕು. ಒಂದೆರಡು ನಿಮಿಷ ಬಿಟ್ಟು ಪುನಃ ನೋಡಿ, ಇನ್ನೂ ಖಾಲಿಯೇ ಇದ್ದರೆ ಪಿಎಸ್‌ನಲ್ಲಿ ಪೋಸ್ಟ್‌ಗ್ರೆಸ್ ಹೆಸರಿನ ಯಾವುದೂ ಇಲ್ಲ, ಫ್ಯೂಸರ್ ಕೊಟ್ಟರೆ ಡೇಟಾ ಡೈರೆಕ್ಟರಿಯನ್ನು ಯಾರೂ ಹಿಡಿದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಅಳಿಸುವ ಬದಲು ಬೇರೆ ಹೆಸರಿಟ್ಟು ಡೇಟಾ ಡೈರೆಕ್ಟರಿಯ ಹೊರಗೆ ಎತ್ತಿಡಿ, ಸ್ಟಾರ್ಟ್ ಕೊಡಿ.